ಅಪ್ಪಯ್ಯಣ್ಣನ ಕಾವಲು ದೀಪ

ಅಪ್ಪಯ್ಯಣ್ಣ ಕೈಯಾರೆ ಕಟ್ಟಿದ ರೇಡಿಯೋ ಮೊದಲನೆಯ ದಿನ ಒಂದು ಮಾತನ್ನೂ ಆಡಲಿಲ್ಲ. ಬದಲಿಗೆ ಬೀದಿಯ ಹನ್ನೆರಡು ಮಗ್ಗಗಳ ಬಾಯನ್ನು ಒಂದೇ ಏಟಿಗೆ ಮುಚ್ಚಿಸಿತು. ಅವನು ಸ್ವಿಚ್ಚು ಒತ್ತಿದ. ಹಲಗೆಯ ಕೆಳಗೆ ಫಟ್ ಎಂದಿತು. ಕಂಬದ ಮೇಲಿನ ಫ್ಯೂಸು ಹಾರಿತು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಬೆಳಗಿನಿಂದ ಲಟಪಟ ಎನ್ನುತ್ತಿದ್ದ ಕರೆಂಟು ಮಗ್ಗಗಳೆಲ್ಲ ಒಟ್ಟಿಗೆ ನಿಂತು, ಎಷ್ಟೋ ತಿಂಗಳ ಮೇಲೆ ಗುಬ್ಬಚ್ಚಿಗಳ ಸದ್ದು ಕೇಳಿಸಿತು. ಅದನ್ನು ಕೇಳಿ ಸಂತೋಷಪಡುವ ಮನಸ್ಸು ಮಾತ್ರ ಯಾರಿಗೂ ಇರಲಿಲ್ಲ.

ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಬೆಂಗಳೂರಿನ ದಂಡಿನಲ್ಲಿ ಪಟಾಲಮಿನವರು ಬಿಟ್ಟುಹೋದ ತಂತಿ, ವಾಲ್ವು, ತಗಡಿನ ಡಬ್ಬಿಗಳನ್ನು ರಾಶಿ ಹಾಕಿ ಮಾರುತ್ತಿದ್ದ ಕಾಲ. ಅಪ್ಪಯ್ಯಣ್ಣ ತೂಬಗೆರೆ ಕಡೆಯ ಒಕ್ಕಲು ಮನೆತನದವನು. ಊರಿನಲ್ಲಿ ಹೊಲ ಅಣ್ಣಂದಿರಿಗೆ, ಇಲ್ಲಿ ರೇಷನ್ ಡಿಪೋದ ಗುಮಾಸ್ತಿಕೆ ಇವನಿಗೆ. ರಾಗಿ ಅಳೆಸುವುದು, ಕಾರ್ಡಿಗೆ ಮುದ್ರೆ ಒತ್ತುವುದು, ಮಿಕ್ಕ ಹೊತ್ತಿನಲ್ಲಿ ವಾಚನಾಲಯದಲ್ಲಿ ಕೂತು ಪೇಪರು ಓದುವುದು. ಅಲ್ಲಿ ಒಂದು ದಿನ ಪಕ್ಕದ ಮನೆಯ ಗಂಗಣ್ಣ, ರೇಡಿಯೋ ಮಾಡುವ ವಿದ್ಯೆ ವಿಲಾಯಿತಿಯವರನ್ನು ಬಿಟ್ಟರೆ ಇನ್ನಾರಿಗೂ ಬರುವುದಿಲ್ಲವೆಂದು ನಾಲ್ಕು ಜನರ ಮುಂದೆ ತೀರ್ಪು ಕೊಟ್ಟ. ಅಪ್ಪಯ್ಯಣ್ಣ ಪೇಪರಿನಿಂದ ತಲೆ ಎತ್ತದೆ, ಅದೇನು ಮಹಾ, ತಾನೇ ಮಾಡಬಲ್ಲೆ ಎಂದುಬಿಟ್ಟ. ಅಂದಮೇಲೆ ಪೇಪರಿನಲ್ಲಿ ಏನು ಓದುತ್ತಿದ್ದೆನೆಂಬುದೇ ಅವನಿಗೆ ಮರೆತುಹೋಯಿತು.

ಆದರೆ ಗಂಗಣ್ಣ ಮರೆಯುವ ಆಸಾಮಿಯಲ್ಲ. ಸಿಕ್ಕಿದಲ್ಲೆಲ್ಲ ರೇಡಿಯೋ ಎಲ್ಲಿಗೆ ಬಂತೆಂದು ಕೇಳತೊಡಗಿದ. ಮಾನ ಉಳಿಸಿಕೊಳ್ಳಲು ಅಪ್ಪಯ್ಯಣ್ಣ ಮೊದಲು ಅಂಚೆ ಕಚೇರಿಗೆ ಹೋಗಿ, ಇನ್ನೂ ಹುಟ್ಟದ ರೇಡಿಯೋಗೆ ಲೈಸೆನ್ಸು ಮಾಡಿಸಿಕೊಂಡು ಬಂದ. ಆಮೇಲೆ ಒಂದು ಪುಸ್ತಕ ತಂದ. ಆಮೇಲೆ ಸಾಮಾನು ತಂದ. ಮೂರು ತಿಂಗಳು ಹೆಂಡತಿ ಲಕ್ಷ್ಮೀದೇವಮ್ಮನ ಇದ್ದಿಲೊಲೆಯಲ್ಲಿ ಬೆಸುಗೆ ಕಡ್ಡಿ ಕಾಯಿಸಿ, ಸಾರಿನ ಒಗ್ಗರಣೆಗೂ ಬೆಸುಗೆಯ ಹೊಗೆಗೂ ವ್ಯತ್ಯಾಸ ತಿಳಿಯದಂತೆ ಮಾಡಿ, ಕೊನೆಗೆ ಒಂದು ಮರದ ಹಲಗೆಯ ಮೇಲೆ ಗಾಜಿನ ಬುರುಡೆಯಂಥ ಐದು ವಾಲ್ವು ನಿಲ್ಲಿಸಿದ. ಹಲಗೆಯ ಮುಂದಿನ ಮೂಲೆಯಲ್ಲಿ ಕರೆಂಟು ಹಾಯಗೊಡದ ಕರಿಯ ಎಬೊನೈಟ್ ಪಟ್ಟಿ. ಅದರ ಮೇಲೆ ಬೆರಳಗಲದ ಅಂತರದಲ್ಲಿ ಎರಡು ಹಿತ್ತಾಳೆ ಸ್ಕ್ರೂ. ಕರೆಂಟು ಒಳಗೆ ಹೋಗುವ ಹೆಬ್ಬಾಗಿಲು ಅದೇ. ಅದರ ಮೂಲಕ ಮೊದಲ ಸಲ ಕರೆಂಟು ಬಿಟ್ಟಾಗಲೇ ಮಗ್ಗಗಳು ನಿಂತದ್ದು.

ಲೈನ್‌ಮನ್ ಮುನಿವೆಂಕಟಪ್ಪ ಏಣಿ ಹೊತ್ತು ಬಂದು ಫ್ಯೂಸು ಕಟ್ಟಿದ. ಇಳಿದವನು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡುವ ಕೆಲಸವನ್ನು ಬೀದಿಯವರು ಆಗಲೇ ಮುಗಿಸಿದ್ದರು.

"ಮೂರು ಭಾನುವಾರ ಟೈಮ್ ಕೊಡ್ತೀನಿ ಅಪ್ಪಯ್ಯಣ್ಣ," ಎಂದ. "ಇದು ಸರಿಯಾಗಿದೆ ಅಂತ ನನ್ನ ಕಣ್ಣೆದುರಿಗೆ ತೋರಿಸ್ಬೇಕು. ಇಲ್ಲ ಅಂದ್ರೆ ಮೂರನೇ ಭಾನುವಾರ ನಿಮ್ಮನೆ ವೈರನ್ನ ಕಂಬದಿಂದ ಕಿತ್ತು ಸುತ್ಕೊಂಡು ಹೋಗ್ತೀನಿ. ಬೇಜಾರ್ ಮಾಡ್ಕೋಬೇಡಿ."

ವೈರು ಹೋದರೆ ರೇಡಿಯೋ ಒಂದೇ ಹೋಗುವುದಿಲ್ಲ, ಮನೆಯ ದೀಪವೂ ಹೋಗುತ್ತದೆ. ಲಕ್ಷ್ಮೀದೇವಮ್ಮನ ತವರಿನಲ್ಲಿ ಇನ್ನೂ ಬುಡ್ಡಿ ದೀಪ. ತನ್ನ ಮನೆಯ ಬಲ್ಬಿನ ವಿಷಯವನ್ನು ಅವಳು ನೆಂಟರಿಗೆಲ್ಲ ಹೇಳಿಕೊಂಡಿದ್ದಳು. ಆ ಬಲ್ಬು ಆರಿದ ದಿನ ಹಲಗೆ ಒಲೆಗೆ ಹೋಗುತ್ತದೆ, ಅನುಮಾನ ಬೇಡ ಎಂದು ಗಂಡನಿಗೆ ಸ್ಪಷ್ಟವಾಗಿ ತಿಳಿಸಿದಳು. ಅವಳ ತಾಯಿ ಅಕ್ಕಯಮ್ಮ, ಗಂಡ ಹೋದ ಮೇಲೆ ಮಗಳ ಮನೆಗೆ ಬಂದು ನೆಲೆಸಿದವಳು, ಅಡಿಗೆಮನೆಯಲ್ಲಿ ರಾಗಿ ಕೇರುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ಅಪ್ಪಯ್ಯಣ್ಣ ಜಾಫರನ ಹತ್ತಿರ ಓಡಿದ. ಜಾಫರ್ ಮಗ್ಗದ ಮೋಟಾರುಗಳಿಗೆ ತಂತಿ ಸುತ್ತುವವನು. ಕರೆಂಟಿನ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿ ಹತ್ತೂ ಬೆರಳು ಉಳಿಸಿಕೊಂಡವನು. ಬಂದು ಹಲಗೆಯನ್ನು ಮಗುಚಿ ನೋಡಿದ. ಕೆಳಗೆ ಎರಡು ತಂತಿ ಒಂದನ್ನೊಂದು ಮುಟ್ಟಿಕೊಂಡಿದ್ದವು. ಅವನ್ನು ಬಿಡಿಸಿ, ಹೊಸ ಯಂತ್ರಕ್ಕೆ ಏಕಾಏಕಿ ಕರೆಂಟು ಕೊಡುವವನನ್ನು ತಾನು ಕತ್ತೆ ಎನ್ನುವುದಿಲ್ಲ, ಯಾಕೆಂದರೆ ಕತ್ತೆ ಹಾಗೆ ಮಾಡುವುದಿಲ್ಲ ಎಂದ.

"ಒಂದು ಬಲ್ಬ್ ತಗೊಳ್ಳಿ ಅಣ್ಣಾ. ಕರೆಂಟ್ ಮೊದ್ಲು ಅದರೊಳಗೆ ಹಾದು ಆಮೇಲೆ ಹಲಗೇಗೆ ಹೋಗ್ಲಿ. ಹಲಗೇಲಿ ತಪ್ಪಿದ್ರೆ ಬಲ್ಬ್ ಝಗ್ ಅಂತ ಉರೀತದೆ. ಫ್ಯೂಸ್ ಹಾರಲ್ಲ, ಸಾಮಾನು ಸುಡಲ್ಲ. ಎಲ್ಲಾ ಸರಿಯಿದ್ರೆ ಒಂದ್ಸಲ ಮಿಂಚಿ ಮಂಕಾಗ್ತದೆ. ಮಂಕಾಗೋದನ್ನ ನೋಡಿದ್ಮೇಲೇ ಬಲ್ಬ್ ತೆಗೆದು ಪೂರಾ ಕರೆಂಟ್ ಕೊಡ್ಬೇಕು. ಅಲ್ಲೀವರೆಗೂ ರೇಡಿಯೋ ಬಾಯಿ ಬಿಡಲ್ಲ."

ಇದಕ್ಕೆ ಅಪ್ಪಯ್ಯಣ್ಣ ಕಾವಲು ದೀಪವೆಂದು ಹೆಸರಿಟ್ಟ. ಜಾಫರ್ ಇನ್ನೂ ಎರಡು ಕಟ್ಟಳೆ ಹೇಳಿದ. ಒಣ ಮಣೆಯ ಮೇಲೆ ನಿಂತೇ ಕೆಲಸ ಮಾಡಬೇಕು. ಎಡಗೈ ಬೆನ್ನ ಹಿಂದೆ ಇರಬೇಕು, ಎರಡೂ ಕೈ ಒಟ್ಟಿಗೆ ತಾಗಿದರೆ ಕರೆಂಟು ಎದೆಯ ಮೂಲಕ ಹಾದುಹೋಗುತ್ತದೆ. ಅಪ್ಪಯ್ಯಣ್ಣ ಪುಸ್ತಕದಿಂದ ತನ್ನದೊಂದು ಕಟ್ಟಳೆ ಸೇರಿಸಿಕೊಂಡ: ದೋಷ ಕಂಡರೆ ಕೂಡಲೇ ಸ್ವಿಚ್ಚು ಆರಿಸಿ, ವೈರು ಕಿತ್ತು, ಸ್ಕ್ರೂಗಳನ್ನೆಲ್ಲ ಸೀಮೆಎಣ್ಣೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಆಮೇಲೆ ಪರೀಕ್ಷೆ ಮಾಡುವುದು. ಶುಚಿಯಾಗಿರುವವನು ಅವನು.

ಮೊದಲನೆಯ ಭಾನುವಾರ ಬೀದಿಯ ಅರ್ಧ ಜನ ನಡುಮನೆಯಲ್ಲಿ ಸೇರಿದರು. ಅಪ್ಪಯ್ಯಣ್ಣ ಮಣೆ ಹತ್ತಿ, ಎಡಗೈಯನ್ನು ಬೆನ್ನ ಹಿಂದೆ ಪಂಚೆಗೆ ಸಿಕ್ಕಿಸಿಕೊಂಡು, ಬಲಗೈಯಿಂದ ಸ್ವಿಚ್ಚು ಒತ್ತಿದ. ಕಾವಲು ದೀಪ ಝಗ್ಗನೆ ಹತ್ತಿ ನಡುಮನೆಯೆಲ್ಲ ಬೆಳಗಿತು. ಜನ ಚಪ್ಪಾಳೆ ತಟ್ಟಿದರು. ಎದುರು ಮನೆಯ ಮೊಸರು ಮಾರುವ ಪಾಪಮ್ಮ, ಗುಮಾಸ್ತರಾದರೂ ಪರವಾಗಿಲ್ಲ ದೀಪ ಹತ್ತಿಸಿದರು ಎಂದು ಮೆಚ್ಚಿಕೊಂಡಳು. ಅಪ್ಪಯ್ಯಣ್ಣ ಮಣೆಯ ಮೇಲೆ ಕುಸಿದು ಕೂತು ತಲೆ ಹಿಡಿದುಕೊಂಡ. ದೀಪ ಹತ್ತಿದ್ದಕ್ಕೆ ಅಳುವವನನ್ನು ಬೀದಿ ಅದೇ ಮೊದಲು ಕಂಡಿತು. ಮುನಿವೆಂಕಟಪ್ಪನಿಗೆ ಮಾತ್ರ ವಿಷಯ ಗೊತ್ತು. ಇನ್ನು ಎರಡು ಭಾನುವಾರ ಎಂದು ಬೆರಳು ತೋರಿಸಿ ಹೋದ.

ಅಪ್ಪಯ್ಯಣ್ಣ ಕಟ್ಟಳೆಯಂತೆ ಸ್ಕ್ರೂ ಒರೆಸಿದ, ಹಲಗೆಯನ್ನು ಇಂಚಿಂಚೂ ಹುಡುಕಿದ. ದೋಷ ಕಾಣಲಿಲ್ಲ. ಮರುದಿನ ಬೆಳಗಿನ ಜಾವ, ಅತ್ತೆ ಸಿಹಿನೀರಿಗೆಂದು ಬಾವಿಗೆ ಹೋಗಿದ್ದಾಗ, ಹೆಂಡತಿ ಬಾಗಿಲು ಸಾರಿಸುತ್ತಿದ್ದಾಗ, ಒಬ್ಬನೇ ಸ್ವಿಚ್ಚು ಹಾಕಿದ. ದೀಪ ಒಮ್ಮೆ ಮಿಂಚಿ ಮಂಕಾಯಿತು. ಆರಿಸಿ ಹಾಕಿದ, ಮತ್ತೆ ಮಂಕು. ಏಳು ಸಲ ಹಾಕಿದ, ಏಳು ಸಲವೂ ಮಂಕು. ಪೂರ್ತಿ ಕರೆಂಟು ಕೊಡುವುದನ್ನು ಮಾತ್ರ ಮುನಿವೆಂಕಟಪ್ಪನ ಕಣ್ಣೆದುರಿಗೇ ಆಗಲೆಂದು ಉಳಿಸಿಕೊಂಡ. ಆ ಸಂತೋಷದಲ್ಲಿ ಅವನು ಕುಣಿದದ್ದನ್ನು ಪಾಪಮ್ಮ ಕಿಟಕಿಯಿಂದ ನೋಡಿ, ಮನೆಯಲ್ಲಿ ದೀಪ ಆರಿದರೆ ಕುಣಿಯುತ್ತಾರಲ್ಲ, ಪಾಪ, ಲಕ್ಷ್ಮಿಯ ಗತಿ ಏನು ಎಂದು ನಾಲ್ಕು ಮನೆಯಲ್ಲಿ ಮರುಗಿದಳು.

ಎರಡನೆಯ ಭಾನುವಾರ ಮುನಿವೆಂಕಟಪ್ಪ ಬಂದ, ಜನ ಬಂದರು, ಸ್ವಿಚ್ಚು ಒತ್ತಿದ್ದಾಯಿತು. ದೀಪ ಝಗ್ಗನೆ ಉರಿಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಬೇರೆಯವನಾಗಿದ್ದರೆ ಹಲಗೆಯನ್ನು ತಾನೇ ಒಲೆಗೆ ಹಾಕುತ್ತಿದ್ದ. ಅಪ್ಪಯ್ಯಣ್ಣನಿಗೆ ದುಃಖವಾಯಿತು, ನಿಜ. ಆದರೆ ದುಃಖಕ್ಕಿಂತ ಕುತೂಹಲ ಜಾಸ್ತಿಯಾಯಿತು. ಒಬ್ಬನೇ ಇದ್ದಾಗ ಸರಿಯಾಗಿರುವ ಯಂತ್ರ ಜನರ ಮುಂದೆ ಯಾಕೆ ಕೆಡುತ್ತದೆ? ನಾಚಿಕೆಪಡಲು ಅದೇನು ಮದುವಣಗಿತ್ತಿಯೇ? ಹಲಗೆ ಅದೇ, ಕರೆಂಟು ಅದೇ, ಮಣೆ ಅದೇ. ಬದಲಾಗುವುದು ಜನ. ಹಾಗಾದರೆ ದೋಷ ಹಲಗೆಯಲ್ಲಿಲ್ಲ, ಬಂದವರಲ್ಲಿ ಯಾರಲ್ಲೋ ಇದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ಅದರಂತೆ ದಿನಕ್ಕೊಬ್ಬರಂತೆ ನೆರೆಯವರನ್ನು ಕೂರಿಸಿ ಪರೀಕ್ಷೆ ಮಾಡಲು ನಿಶ್ಚಯಿಸಿ, ಡಿಪೋದಿಂದ ಒಂದು ಖಾಲಿ ಪುಸ್ತಕ ತಂದು ಗೆರೆ ಎಳೆದ.

ಸೋಮವಾರ ಸಂಜೆ ಗಂಗಣ್ಣನನ್ನು ಕರೆದ. ಅವನು ಕಾಫಿ ಕುಡಿದು ಮುಗಿಸಿ, ಸ್ಟೂಲಿನ ಮೇಲೆ ಗಂಭೀರವಾಗಿ ಕೂತ. ದೀಪ ಉರಿಯಿತು. ಮಂಗಳವಾರ ಸಂಜೆ ಜಾಫರ್ ಕೂತ. ಅಂದು ಅತ್ತೆ ದೇವಸ್ಥಾನಕ್ಕೆ ಹೋಗಿದ್ದಳಾಗಿ ಕಾಫಿ ಇರಲಿಲ್ಲ, ದೀಪ ಮಂಕಾಯಿತು. ಬುಧವಾರ ಪಾಪಮ್ಮ ಕೂತಳು, ಅಕ್ಕಯಮ್ಮನ ಕೈ ಕಾಫಿಯನ್ನು ಹೊಗಳಿದಳು, ದೀಪ ಉರಿಯಿತು.

ಅಪ್ಪಯ್ಯಣ್ಣ ಪುಸ್ತಕ ಹಿಡಿದು ಯೋಚಿಸಿದ. ಗಂಗಣ್ಣನಿಗೂ ಪಾಪಮ್ಮನಿಗೂ ಇರುವ, ಜಾಫರನಿಗೆ ಇಲ್ಲದ ವಸ್ತು ಯಾವುದು? ಬೆಳ್ಳಿ ಎಂದು ಹೊಳೆಯಿತು. ಗಂಗಣ್ಣನ ಸೊಂಟದಲ್ಲಿ ಬೆಳ್ಳಿ ಉಡಿದಾರ, ಪಾಪಮ್ಮನ ಕಾಲಲ್ಲಿ ಬೆಳ್ಳಿ ಕಡಗ. ಗುರುವಾರ ಗಂಗಣ್ಣನನ್ನು ಮತ್ತೆ ಕರೆಸಿ, ಉಡಿದಾರ ಬಿಚ್ಚಿಟ್ಟು ಕೂರಬೇಕೆಂದು ವಿನಯದಿಂದ ಕೇಳಿಕೊಂಡ. ಕಿಟಕಿಯಲ್ಲಿ ಇಣುಕುವ ಹತ್ತು ಜನರ ಮುಂದೆ ಉಡಿದಾರ ಬಿಚ್ಚುವುದು ಆರು ಮಗ್ಗದ ಯಜಮಾನನಿಗೆ ಸುಲಭವಲ್ಲ. ಆದರೂ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ. ಅತ್ತೆ ಅಂದು ಹರಿಕಥೆಗೆ ಹೋಗಿದ್ದಳು. ದೀಪ ಮಂಕಾಯಿತು. ಅಪ್ಪಯ್ಯಣ್ಣ ಜಯಿಸಿದೆನೆಂದು ಕುಣಿದ. ಶುಕ್ರವಾರ ಪಾಪಮ್ಮ ಸೋಪಿನ ನೊರೆ ಹಚ್ಚಿ, ಅರ್ಧ ಗಂಟೆ ಹೆಣಗಿ ಕಡಗ ತೆಗೆದು ಕೂತಳು. ದೀಪ ಮೊದಲಿಗಿಂತ ಜೋರಾಗಿ ಉರಿಯಿತು.

ಇಷ್ಟು ಸಾಕಾಯಿತು ಬೀದಿಗೆ. ಇದು ಕೆಟ್ಟ ಕಣ್ಣು ಕಂಡುಹಿಡಿಯುವ ಯಂತ್ರ. ಯಾರ ದೃಷ್ಟಿ ಕೆಟ್ಟದ್ದೋ ಅವರು ಮುಂದೆ ಕೂತರೆ ದೀಪ ಹತ್ತುತ್ತದೆ. ಗುಮಾಸ್ತರು ಸರ್ಕಾರದ ಕಡೆಯಿಂದ ಪಟ್ಟಿ ಮಾಡುತ್ತಿದ್ದಾರೆ ಎಂದು ಸುದ್ದಿಯಾಯಿತು. ಗಂಗಣ್ಣನ ಕೆಟ್ಟ ಕಣ್ಣು ಉಡಿದಾರದಲ್ಲಿತ್ತು, ಬಿಚ್ಚಿದ ಮೇಲೆ ನಿವಾರಣೆಯಾಯಿತು. ಪಾಪಮ್ಮನದು ಮಾತ್ರ ಹುಟ್ಟುಗುಣ, ಎರಡು ಸಲವೂ ಸಾಬೀತಾಗಿದೆ. ಶನಿವಾರ ಬೆಳಿಗ್ಗೆ ಪಾಪಮ್ಮನ ಮೊಸರಿನ ಗಡಿಗೆ ಹೇಗೆ ಹೊರಟಿತ್ತೋ ಹಾಗೇ ತುಂಬಿದ್ದು ವಾಪಸು ಬಂತು. ಅವಳನ್ನು ಕಂಡ ತಾಯಂದಿರು ಮಕ್ಕಳ ಮುಖಕ್ಕೆ ಸೆರಗು ಮುಚ್ಚಿದರು. ದೊಡ್ಡಬೆಳವಂಗಲದಿಂದ ಒಬ್ಬ ರೈತ, ತನ್ನ ಹಸು ಹಾಲು ಬತ್ತಿಸಿಕೊಂಡಿದೆಯೆಂದೂ, ಅನುಮಾನವಿರುವ ಐದು ಜನ ನೆಂಟರನ್ನು ಗಾಡಿಯಲ್ಲಿ ಕರೆತಂದಿರುವುದಾಗಿಯೂ, ಒಬ್ಬೊಬ್ಬರನ್ನಾಗಿ ದೀಪದ ಮುಂದೆ ಕೂರಿಸಿ ಕೊಡಬೇಕೆಂದೂ ಬಾಗಿಲಲ್ಲಿ ಬಂದು ನಿಂತ. ಐದೂ ನೆಂಟರು ಗಾಡಿಯಿಂದ ಇಳಿಯಲು ಒಪ್ಪಲಿಲ್ಲವಾದ್ದರಿಂದ ಹಾಗೆಯೇ ವಾಪಸು ಹೋದ.

ಇದು ರೇಡಿಯೋ, ದೃಷ್ಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಅಪ್ಪಯ್ಯಣ್ಣ ಸಾರಿ ಸಾರಿ ಹೇಳಿದ. ಹಾಗಾದರೆ ಪಾಪಮ್ಮ ಕೂತಾಗ ಹತ್ತುವುದೇಕೆ ಎಂದು ಕೇಳಿದರೆ ಅವನು ಗೆರೆ ಎಳೆದ ಪುಸ್ತಕವನ್ನು ತಿರುವಿ ಹಾಕಿದ. ಬಹುಶಃ ಹೊಟ್ಟೆಯಲ್ಲಿರುವ ಕಾಫಿಯ ದೆಸೆಯಿಂದ ಇರಬಹುದು, ಇನ್ನೂ ಪರೀಕ್ಷೆಯಾಗಬೇಕು ಎಂದ. ಈ ಉತ್ತರದಿಂದ ಪಾಪಮ್ಮನಿಗೆ ಸಮಾಧಾನವಾಗಲಿಲ್ಲ. ಅವಳು ಅಳುತ್ತ ಗಂಗಣ್ಣನ ಬಳಿ ಹೋದಳು. ಉಡಿದಾರದ ಅವಮಾನ ಇನ್ನೂ ಆರಿರದ ಗಂಗಣ್ಣ ಅರ್ಜಿ ಬರೆದ. ಬೀದಿಯೆಲ್ಲ ಹೆಬ್ಬೆಟ್ಟು ಒತ್ತಿತು. ಮನುಷ್ಯರ ಮರ್ಯಾದೆ ಕಳೆಯುವ ಈ ಯಂತ್ರಕ್ಕೆ ಕರೆಂಟು ಕೊಡಬಾರದೆಂದು ವಿದ್ಯುಚ್ಛಕ್ತಿ ಇಲಾಖೆಯ ಓವರ್‌ಸಿಯರರಿಗೆ ಪ್ರಾರ್ಥನೆ.

ಮೂರನೆಯ ಭಾನುವಾರ ಓವರ್‌ಸಿಯರ್ ಸಾಹೇಬರೇ ಸೈಕಲ್ ಏರಿ ಬಂದರು. ಐವತ್ತು ದಾಟಿದ ಮನುಷ್ಯ, ಕಚ್ಚೆಪಂಚೆ, ಕರಿ ಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ಮುನಿವೆಂಕಟಪ್ಪ ಕಟಿಂಗ್ ಪ್ಲೇಯರ್ ಹಿಡಿದು ಕಂಬ ಹತ್ತಿ, ಕಿಟಕಿಯ ನೇರಕ್ಕೆ ಕೂತುಕೊಂಡ. ಸಾಹೇಬರು ಒಂದು ಮಾತು ಅಂದರೆ ವೈರು ಕತ್ತರಿಸಿಬಿಡುವುದು. ಲಕ್ಷ್ಮೀದೇವಮ್ಮ ನಡುಮನೆಯ ಬಲ್ಬನ್ನು ಒಮ್ಮೆ ನೋಡಿ, ಗಂಡನನ್ನು ಒಮ್ಮೆ ನೋಡಿದಳು. ಸಾಹೇಬರಿಗೆ ಹಲಗೆಯ ಎದುರಿಗೇ ಕುರ್ಚಿ ಹಾಕಿದ್ದರು. ಅಪ್ಪಯ್ಯಣ್ಣ ಮಣೆ ಹತ್ತಿ, ಎಡಗೈ ಬೆನ್ನಿಗೆ ಸಿಕ್ಕಿಸಿ, ಮನಸ್ಸಿನಲ್ಲಿ ಘಾಟಿ ಸುಬ್ರಹ್ಮಣ್ಯನಿಗೆ ಒಂದು ಹರಕೆ ಹೊತ್ತು ಸ್ವಿಚ್ಚು ಒತ್ತಿದ.

ದೀಪ ಝಗ್ಗನೆ ಉರಿಯಿತು. ಇಡೀ ನಡುಮನೆ ಒಟ್ಟಿಗೆ ತಿರುಗಿ ಓವರ್‌ಸಿಯರರ ಮುಖ ನೋಡಿತು.

ಎಲ್ಲರೂ ತಮ್ಮನ್ನೇಕೆ ನೋಡುತ್ತಿದ್ದಾರೆಂದು ಸಾಹೇಬರು ಕೇಳಿದರು. ತಾಯಂದಿರು ಮೆಲ್ಲನೆ ಮಕ್ಕಳ ಮುಖಕ್ಕೆ ಸೆರಗು ಎಳೆದರು. ಪಾಪಮ್ಮನ ಮುಖದಲ್ಲಿ ಮಾತ್ರ ಎರಡು ದಿನದಿಂದ ಇಲ್ಲದ ಗೆಲುವು ಕಾಣಿಸಿತು. ತನಗೆ ದೊಡ್ಡ ಜೊತೆ ಸಿಕ್ಕಿತೆಂದು ಅವಳ ಜೀವಕ್ಕೆ ಹಾಯೆನಿಸಿತು. ಅಪ್ಪಯ್ಯಣ್ಣ ಸ್ವಿಚ್ಚು ಆರಿಸಿ, ವೈರು ಕಿತ್ತು, ಅಭ್ಯಾಸದಂತೆ ಸೀಮೆಎಣ್ಣೆ ಬಟ್ಟೆ ಎತ್ತಿಕೊಂಡು ಸ್ಕ್ರೂ ಒರೆಸಲು ಬಾಗಿದ.

"ಒರೆಸಬೇಡಿ," ಎಂದರು ಸಾಹೇಬರು. "ದೋಷ ಹುಡುಕೋ ಮುಂಚೆ ಒರೆಸೋದು ಯಾರು ಹೇಳ್ಕೊಟ್ರು ನಿಮಗೆ? ಮೊದ್ಲು ನೋಡ್ಬೇಕು."

ಅಪ್ಪಯ್ಯಣ್ಣನ ಕೈ ಗಾಳಿಯಲ್ಲೇ ನಿಂತಿತು. ಸಾಹೇಬರು ಕನ್ನಡಕ ಒತ್ತಿಕೊಂಡು ಹಲಗೆಯ ಮೇಲೆ ಬಗ್ಗಿ ಮುಂದಿನ ಮೂಲೆಗೆ ಬಂದರು, ಅಲ್ಲೇ ನಿಂತರು. ಕರಿಯ ಪಟ್ಟಿಯ ಮೇಲೆ, ಎರಡು ಸ್ಕ್ರೂಗಳ ನಡುವೆ, ಕರಿಯದೇ ಒಂದು ಗುಂಡನೆಯ ಚುಕ್ಕೆ. ಅದರಿಂದ ಸಣ್ಣಗೆ ಹಬೆ ಏಳುತ್ತಿತ್ತು. ಸಾಹೇಬರು ಅದನ್ನು ಬೆರಳಿಂದ ತೆಗೆದು ಮೂಸಿದರು. ಬಳಿಕ ನಾಲಿಗೆಯ ತುದಿಗೆ ಮುಟ್ಟಿಸಿದರು.

"ಹೆಂಚಿನ ಮಸಿ. ಉಪ್ಪು ನೀರಲ್ಲಿ ಕಲಸಿದಾರೆ," ಎಂದರು. "ಈ ಉಪ್ಪು ನೀರಲ್ಲೇ ಕರೆಂಟು ಆ ಕಡೆಯಿಂದ ಈ ಕಡೆಗೆ ಹಾಯ್ತಿರೋದು. ಯಾರ್ರೀ ರೇಡಿಯೋಗೆ ದೃಷ್ಟಿಬೊಟ್ಟು ಇಟ್ಟೋರು?"

ಎರಡು ವಾರದಿಂದ ತಾನು ಪ್ರತಿಸಲವೂ ಮೊದಲು ಒರೆಸಿ ಆಮೇಲೆ ಹುಡುಕಿದ ವಸ್ತು ಅದು ಎಂಬುದು ಅಪ್ಪಯ್ಯಣ್ಣನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಇನ್ನೊಂದು ಗಳಿಗೆಗೆ ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಅತ್ತೆಯ ಕೈ ಕಂಡಿತು. ಸೆರಗಿನೊಳಗೆ ಮುಚ್ಚಿಡಲು ಹೋದ ತೋರುಬೆರಳ ತುದಿ ಕಪ್ಪಾಗಿತ್ತು.

ನಿಜ ಹೇಳಿದರೆ ವೈರು ಉಳಿಯುತ್ತದೆ. ಆದರೆ ಬೀದಿಯವರಿಗೆಲ್ಲ ಕೆಟ್ಟ ಕಣ್ಣಿದೆಯೆಂದು ತಿಳಿದು ಬೊಟ್ಟಿಟ್ಟವಳೆಂದು ಅತ್ತೆ ನಾಳೆಯಿಂದ ಬಾವಿಗೆ ಹೋಗುವಂತಿಲ್ಲ. ಅಪ್ಪಯ್ಯಣ್ಣ ಎದೆ ಗಟ್ಟಿ ಮಾಡಿಕೊಂಡು, ಇಟ್ಟವನು ತಾನೇ ಎಂದ. ಸಾಹೇಬರು ಕನ್ನಡಕದ ಮೇಲಿಂದ ಅವನನ್ನು ನೋಡಿ, ಯಾರ ಕಣ್ಣಿಗೆಂದು ಇಟ್ಟಿರಿ ಎಂದು ಕೇಳಿದರು. ಅಪ್ಪಯ್ಯಣ್ಣ ಇದನ್ನು ಯೋಚಿಸಿರಲಿಲ್ಲ. ಗಂಗಣ್ಣ ಕತ್ತು ಮುಂದಕ್ಕೆ ಚಾಚಿದ. ಪಾಪಮ್ಮ ಸೊಂಟದ ಮೇಲೆ ಕೈ ಇಟ್ಟಳು. ಕಂಬದ ಮೇಲಿದ್ದ ಮುನಿವೆಂಕಟಪ್ಪ ಕೇಳಿಸಿಕೊಳ್ಳಲು ಎಷ್ಟು ಬಾಗಿದನೆಂದರೆ ಕೆಳಗಿನವರು ಕಿರುಚಿ ಅವನನ್ನು ನೆಟ್ಟಗೆ ಕೂರಿಸಬೇಕಾಯಿತು.

ಅಷ್ಟರಲ್ಲಿ ಅಕ್ಕಯಮ್ಮ ಬಾಗಿಲು ದಾಟಿ ಹೊರಗೆ ಬಂದಳು.

"ಅವರಲ್ಲ ಸ್ವಾಮಿ, ಇಟ್ಟ್‌ದೋಳು ನಾನು," ಎಂದಳು. "ನಿಮ್ಮ ಕಣ್ಣಿಗಲ್ಲ. ಇಲ್ಲಿರೋರು ಯಾರ ಕಣ್ಣಿಗೂ ಅಲ್ಲ. ನನ್ನ ಕಣ್ಣಿಗೆ."

ಯಾರಿಗೂ ಅರ್ಥವಾಗಲಿಲ್ಲ. ಅವಳು ನೆಲ ನೋಡಿಕೊಂಡೇ ಮುಂದುವರಿಸಿದಳು.

"ಹೊಸ ಕೆಲಸ ಸುರುವಾಗೋವಾಗ ನನ್ನಂಥೋಳು ಎದುರಿಗಿರಬಾರದು ಅಂತಾರಲ್ಲ. ಅದಕ್ಕೇನೂ ಬೇಜಾರಿಲ್ಲ, ಹದಿನೆಂಟು ವರ್ಷದಿಂದ ಒಳಗೇ ಇದೀನಿ. ಆದ್ರೆ ಇದು ಮಾತಾಡ್ತದೆ ಅಂದ್ರು. ಹಲಗೆ ಹೆಂಗೆ ಮಾತಾಡ್ತದೆ ಅಂತ ನೋಡೋ ಆಸೆ ತಡ್ಕೊಳ್ಳೋಕೆ ಆಗ್ಲಿಲ್ಲ. ಬಾಗಿಲ ಸಂದೀಲಿ ನಿಂತು ನೋಡೋ ದಿನ ಮಾತ್ರ, ಯಾರೂ ಇಲ್ಲದಾಗ ಬಂದು ಬೊಟ್ಟು ಇಡ್ತಿದ್ದೆ. ನನ್ನ ಕಣ್ಣು ತಗಲಿ ಅಳೀಮಯ್ಯನ ಕೆಲಸ ಕೆಡಬಾರದು ಅಂತ."

ಅಪ್ಪಯ್ಯಣ್ಣ ಆ ಪರೀಕ್ಷೆಯ ಪುಸ್ತಕವನ್ನು ಎತ್ತಿಕೊಂಡ. ಗಂಗಣ್ಣ ಕೂತ ದಿನ ಅತ್ತೆ ಮನೆಯಲ್ಲಿದ್ದಳು. ಜಾಫರ್ ಕೂತ ದಿನ ದೇವಸ್ಥಾನಕ್ಕೆ ಹೋಗಿದ್ದಳು. ಉಡಿದಾರ ಬಿಚ್ಚಿದ ದಿನ ಹರಿಕಥೆಗೆ. ಬೆಳಗಿನ ಜಾವದ ಏಳು ಸಲವೂ ಬಾವಿಯ ಹತ್ತಿರ. ಯಾರು ಬಂದರು, ಏನು ತೊಟ್ಟಿದ್ದರು, ಏನು ಕುಡಿದರು ಎಂದೆಲ್ಲ ಬರೆದಿದ್ದ. ಮನೆಯೊಳಗೇ ಇರುವವಳೊಬ್ಬಳ ಹೆಸರು ಯಾವ ಗೆರೆಯಲ್ಲೂ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು. ಫ್ಯೂಸು ಹಾರಿದ ದಿನ ಕೂಡ ಅಷ್ಟು ನಾಚಿಕೆಯಾಗಿರಲಿಲ್ಲ.

ಮೊದಲು ಮಾತಾಡಿದವಳು ಪಾಪಮ್ಮ. ನೀನು ಬಾಗಿಲ ಸಂದೀಲಿ ನಿಂತು ನೋಡಿದ್ದಕ್ಕೆ ಒಂದು ಗಡಿಗೆ ಮೊಸರು ಹುಳಿಯಾಯಿತು ಎಂದು ಬೈದು, ಬೈಯುತ್ತಲೇ ಅಕ್ಕಯಮ್ಮನ ರಟ್ಟೆ ಹಿಡಿದು ಎಳೆತಂದು ಹಲಗೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದಳು. ಓವರ್‌ಸಿಯರರು ತಲೆಯಾಡಿಸಿದರು. ಪರೀಕ್ಷೆ ಈಗ ಸರಿಯಾಗಿ ನಡೆಯಬೇಕು, ಬೊಟ್ಟು ಇರಬಾರದು, ಈಕೆ ಇರಬೇಕು ಎಂದರು. ಬಳಿಕ ಸ್ವಿಚ್ಚನ್ನೂ ಈಕೆಯೇ ಹಾಕಲಿ ಎಂದುಬಿಟ್ಟರು.

ಅದುವರೆಗೆ ಅಪ್ಪಯ್ಯಣ್ಣ ಹೆದರಿದ್ದು ವೈರಿಗಾಗಿ. ಈಗ ನಿಜವಾಗಿ ಹೆದರಿದ. ಹಲಗೆಯಲ್ಲಿ ಬೇರೆ ಯಾವುದಾದರೂ ಒಂದು ಬೆಸುಗೆ ಬಿಟ್ಟುಕೊಂಡಿದ್ದು ದೀಪ ಉರಿದರೆ, ಆ ದೋಷ ಬೆಸುಗೆಯದೆಂದು ಬೀದಿ ಎಂದಿಗೂ ನಂಬುವುದಿಲ್ಲ. ಅತ್ತೆಯಂತೂ ಮೊದಲೇ ನಂಬುವುದಿಲ್ಲ. ಅವನು ಪಟ್ಟಿಯನ್ನು ಒರೆಸಿ, ಒಣಗಿಸಿ, ಹಲಗೆ ಮಗುಚಿ, ಒಂದೊಂದು ಬೆಸುಗೆಯನ್ನೂ ಎಳೆದು ನೋಡಿದ. ಮೂರು ಸಲ ನೋಡಿದ. ಜಾಫರನನ್ನು ಕರೆದು ನೋಡಿಸಿದ. ಸಾಹೇಬರು ಗಡಿಯಾರ ತೆಗೆದು ನೋಡಿದರೂ ಲೆಕ್ಕಿಸದೆ ನಾಲ್ಕನೆಯ ಸಲ ನೋಡಿದ. ಆಮೇಲೆ ತನ್ನ ಮಣೆಯನ್ನು ಅತ್ತೆಯ ಕಾಲ ಕೆಳಗೆ ಸರಿಸಿ, ಎಡಗೈ ಬೆನ್ನ ಹಿಂದೆ ಇಟ್ಟುಕೊಳ್ಳುವುದನ್ನು ಹೇಳಿಕೊಟ್ಟ.

ಅಕ್ಕಯಮ್ಮ ಸ್ವಿಚ್ಚು ಒತ್ತಿದಳು. ದೀಪ ಝಗ್ ಎಂದಿತು. ಅವಳು ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಡಿ ಅತ್ತೆ," ಎಂದ ಅಪ್ಪಯ್ಯಣ್ಣ. "ಅದು ಬರೀ ಮೊದಲ ಮಿಂಚು. ಮಂಕಾಗಿದೆ, ನೋಡಿ."

ಅವಳು ಮೊದಲು ಒಂದು ಕಣ್ಣು ತೆರೆದಳು. ಬಲ್ಬಿನೊಳಗಿನ ತಂತಿ ಬೀಡಿಯ ತುದಿಯಷ್ಟು ಕೆಂಪಾಗಿ ನಿಂತಿತ್ತು. ಇನ್ನೊಂದು ಕಣ್ಣನ್ನೂ ತೆರೆದು ನೆಟ್ಟ ನೋಟದಿಂದ ನೋಡಿದಳು. ಎಷ್ಟು ನೋಡಿದರೂ ಅದು ಮಂಕಾಗಿಯೇ ಇತ್ತು. ಸಾಹೇಬರು ಕಿಟಕಿಯ ಕಡೆ ಕೈಯಾಡಿಸಿದರು; ಮುನಿವೆಂಕಟಪ್ಪ ಪ್ಲೇಯರ್ ಜೇಬಿಗೆ ಇಳಿಸಿ ಕೆಳಗಿಳಿದು ಬಂದ. ಸ್ವಿಚ್ಚು ಆರಿಸಿ ಕಾವಲು ದೀಪವನ್ನು ತಾನೇ ಬಿಚ್ಚಿ, ಪೂರ್ತಿ ಕರೆಂಟು ಸೇರಿಸಿ, ಇನ್ನೊಮ್ಮೆ ಹಾಕಮ್ಮ ಎಂದ. ವಾಲ್ವುಗಳು ನಿಧಾನವಾಗಿ ಕೆಂಪೇರಿದವು. ಹಲಗೆಯ ಪಕ್ಕದ ಸ್ಪೀಕರಿನ ಡಬ್ಬಿಯೊಳಗೆ ಗುಂಯ್ ಎಂದಿತು. ಗುಂಯ್ ಎನ್ನುವುದರೊಳಗಿಂದ ಯಾವ ಊರಿನವನೋ ಒಬ್ಬ ಮನುಷ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಯಾರಿಗೂ ತಿಳಿಯದ ಭಾಷೆಯಲ್ಲಿ ಮಾತಾಡತೊಡಗಿದ.

ಬೀದಿಯವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. ಗಂಗಣ್ಣ ಡಬ್ಬಿಯ ಹಿಂದೆ ಹೋಗಿ ಇಣುಕಿ ನೋಡಿ ಬಂದ. ಲಕ್ಷ್ಮೀದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಮೇಲೆ ಏನೋ ಸೀಯುತ್ತಿದೆಯೆಂದು ಒಳಗೆ ಹೋದಳು. ಅಕ್ಕಯಮ್ಮ ಮಾತ್ರ ಅಲ್ಲಾಡದೆ, ಎಡಗೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡು, ಹಲಗೆಯನ್ನು ತುದಿಯಿಂದ ತುದಿಯವರೆಗೆ ನೋಡಿದಳು. ಮಾತಾಡುವವನು ಒಂದು ಕ್ಷಣ ನಿಲ್ಲಿಸಿದಾಗ ಅಳಿಯನ ಕಡೆ ತಿರುಗಿದಳು.

"ಆರ್ಸಿ ಇನ್ನೊಂದ್ ಸಲ ಹಾಕ್ಲಾ?"

ಹಾಕಿ ಅತ್ತೆ ಎಂದ ಅಪ್ಪಯ್ಯಣ್ಣ. ಅವಳು ಆರಿಸಿ ಹಾಕಿದಳು.